ಅಕ್ಕನ ದನಿಯಿಲ್ಲದ ಪಾಠ

ಕಲೋಲೈನಿಯದು ಹಿಡಿದದ್ದು ಬಿಡದ ಜೀವ. ಟೋಂಗಾದ ವವಾವು ದ್ವೀಪಗಳಲ್ಲಿ ಆಯುಸ್ಸೆಲ್ಲ ಹೆರಿಗೆ ನರ್ಸ್ ಆಗಿದ್ದು ನಿವೃತ್ತಳಾದ ಮೇಲೆ ಫೋನಿನಲ್ಲೇ ಕಲಿಯುವ ಹೆರಿಗೆ ಪಾಠ ಮಾಡಿಕೊಡಲು ಒಪ್ಪಿಕೊಂಡಳು. ಆಕ್ಲೆಂಡಿನಿಂದ ಬಂದ ಸಿದ್ಧ ಪಾಠವನ್ನು ಪಕ್ಕಕ್ಕೆ ತಳ್ಳಿ, ಚಾಪೆ ಹೆಣೆಯುವ ಹೆಂಗಸರ ನಡುವೆ ಕೂತು, ಅವರನ್ನು ಕೇಳಿ ಕೇಳಿ ಒಂದೊಂದು ಮಾತನ್ನೂ ಬರೆದಳು. ದನಿ ಮಾತ್ರ ತನ್ನದೇ. ಅದರ ಮೇಲೆ ಅವಳಿಗೆ ಹೆಮ್ಮೆಯಿತ್ತು, ಇರಬೇಕಾದ್ದೇ.

ಪಾಠ ಬಹಳವಾಗಿ ಬೇಕಿದ್ದದ್ದು ದೋಣಿಯವರಿಗೆ. ಹೊರದ್ವೀಪಗಳ ಬಸುರಿಯರನ್ನು ಆಸ್ಪತ್ರೆಗೆ ತರುವವರು ಅವರು. ನಡುನೀರಿನಲ್ಲಿ ನೋವು ಬಂದರೆ ಮಗುವನ್ನು ಹಿಡಿಯುವ ಕೈಯೂ ಅವರದೇ. ಅವರಲ್ಲೊಬ್ಬ ಅವಳ ತಮ್ಮ ಸೆಮಿಸಿ.

ಚರ್ಚಿನ ಹಜಾರದಲ್ಲಿ ಪಾಠ ಶುರುವಾಗಿ, ಕಲೋಲೈನಿಯ ದನಿ ಬಸಿರಿನ ಮಾತೆತ್ತಿದ್ದೇ ತಡ, ಸೆಮಿಸಿ ಎದ್ದು ಹೊರಗೆ ನಡೆದ. ದಾಯಾದಿ ತಮ್ಮಂದಿರೂ ಹಿಂದೆಯೇ ಎದ್ದರು. ಅಕ್ಕನ ಬಾಯಿಂದ ಇಂಥ ಮಾತು ಕೇಳುವ ತಮ್ಮ ಟೋಂಗಾದಲ್ಲಿ ಹುಟ್ಟಿಲ್ಲ. ಊರ ಹೆಂಗಸರನ್ನೆಲ್ಲ ಕೇಳಿದ ಜಾಣೆ, ತಾನೂ ಒಬ್ಬ ಅಕ್ಕ ಎಂಬುದನ್ನೇ ಮರೆತಿದ್ದಳು. ದೀಪದ ಬುಡದಲ್ಲೇ ಕತ್ತಲೆ.

ಸೆಮಿಸಿಯ ಹೆಂಡತಿ ವಿಕಾ ನಗುತ್ತ ಬಂದಳು. "ಅತ್ತಿಗೆ, ನಿಮ್ಮ ತಮ್ಮ ಊಟಾನೂ ಬಿಟ್ಟು ಬಲೆ ಹೊಲೀತಾ ಕೂತಿದಾರೆ. ಫೋನು ಚಾಪೆ ಕೆಳಗೆ ತಳ್ಳಿದಾರೆ."

"ನಗಬೇಡ ಕಣೆ. ಅವನು ಕಲೀದಿದ್ರೆ ನಡುನೀರಲ್ಲಿ ಯಾರದೋ ಜೀವ ಹೋಗತ್ತೆ."

"ಹಂಗಾದ್ರೆ ನೀವು ಬಾಯಿ ಮುಚ್ಕೋಬೇಕು."

ಕಲೋಲೈನಿಗೆ ಆ ಮಾತು ಚುಚ್ಚಿತು. ಆದರೂ ಮಾರನೆಯ ದಿನವೇ ಮುದುಕ ದೋಣಿಗಾರ ಫೆಲೇತಿಯನ್ನು ಎಳೆತಂದು, ಅವನ ದನಿಯಲ್ಲಿ ಪಾಠ ಓದಿಸಲು ಕೂರಿಸಿದಳು.

"ನಮ್ಮ ಹಂದಿ ಈದ ಕತೆ ಸೇರಿಸ್ಲಾ?" ಎಂದ ಮುದುಕ.

"ಸೇರಿಸು. ಗಂಡಸ್ರು ಕಿವಿಗೊಡ್ತಾರೆ. ಆದ್ರೆ ನಾನು ಬರೆದದ್ದು ಒಂದಕ್ಷರಾನೂ ಬಿಡಬೇಡ."

ಅವನು ಓದಿ ಮುಗಿಸಿದ ಮೇಲೆ ಗಂಡಸರ ಪಾಠದಿಂದ ತನ್ನ ದನಿಯನ್ನು ತಾನೇ ಅಳಿಸಿದಳು. ಬೇಜಾರಾಯಿತು, ನಿಜ.

ತಿಮಿಂಗಿಲಗಳು ಬರುವ ಕಾಲದಲ್ಲಿ, ಗಾಳಿಯೆದ್ದ ಒಂದು ಬೆಳಗ್ಗೆ, ಸೆಮಿಸಿಯ ದೋಣಿಯಲ್ಲೇ ಹೆರಿಗೆಯಾಯಿತು. ತಾಯಿ ಮಗು ಕ್ಷೇಮವಾಗಿ ನೆಯಾಫು ಆಸ್ಪತ್ರೆ ಸೇರಿದರು. ಸಂಜೆ ಅವನು ಅಕ್ಕನ ಮನೆಗೆ ಬಂದು, ಆ ದಿನದ ದೊಡ್ಡ ಮೀನನ್ನು ಹೊಸಿಲ ಬಳಿ ಇಟ್ಟು, ಹೊರಗೇ ನಿಂತ.

"ಫೆಲೇತಿ ಅಜ್ಜ ಚೆನ್ನಾಗಿ ಹೇಳ್ಕೊಡ್ತಾನೆ ಅಕ್ಕ," ಎಂದ ಸಮುದ್ರದ ಕಡೆ ನೋಡುತ್ತ. "ನಾನು ಅವಸರ ಮಾಡೋಕೆ ಹೋಗಿದ್ದೆ. 'ಅವಸರ ಅಲೆಗಿರ್ಲಿ, ಕೈಗೆ ಬೇಡ' ಅಂದ ನೋಡು, ಅದೇ ನೆನಪಾಯ್ತು."

ಅದು ಈ ಅಕ್ಕ ತಮ್ಮನ ಅಮ್ಮ ಹೇಳುತ್ತಿದ್ದ ಮಾತು. ಆ ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ.

"ಒಳ್ಳೇ ಮೇಷ್ಟ್ರು ಅವನು," ಎಂದಳು ಕಲೋಲೈನಿ, ಮೀನು ಎತ್ತಿಕೊಳ್ಳುತ್ತ.