ಕಸ್ತೂರಿಯ ಕುಬಸದ ಸೀರೆ

ಕಸ್ತೂರಿ, ನಿನ್ನ ಕುಬಸದ ಸೀರೆಯನ್ನು ಹರಿದವಳು ನಾನು. ಹರಿದು, ಮಡಿಚಿ, ಅಂಗಡಿಯ ಒಟ್ಟಿಲಿನಲ್ಲಿ ತಿರುಗಿ ಇಟ್ಟು ಬಂದವಳೂ ನಾನೇ. ಆಮೇಲೆ ಅಷ್ಟು ಹೆಂಗಸರ ನಡುವೆ ನಿಮ್ಮವ್ವನನ್ನು ಸುಳ್ಳಿ ಮಾಡಿದವಳು — ಅವಳೂ ನಾನೇ.

ಇದನ್ನು ಬಾಯಿಂದ ಹೇಳಬೇಕೆಂದು ಗೋಡೆಯಾಚೆಯ ನಿಮ್ಮ ಮನೆಗೆ ಬಂದಿದ್ದೆ. ನೀನು ಚಹಾ ಕೊಟ್ಟೆ, ನಾನು ಕುಡಿದು ಎದ್ದು ಬಂದೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಅಕ್ಷರ ವಂಕಿಟಿಂಕಿ ಇವೆ. ಸಾವಕಾಶ ಓದು.

ನೀನು ಚೊಚ್ಚಲ ಬಸುರಿ, ನಿನಗೆ ಏಳು ತಿಂಗಳು ತುಂಬುವ ಮೊದಲು ನನ್ನ ಮಗಳ ಕುಬಸ ಬಂದಿತ್ತು. ಬಸುರಿಗೆ ತವರಿನಿಂದ ಹಸಿರು ಸೀರೆ ಒಯ್ದು ಉಡಿ ತುಂಬಬೇಕಲ್ಲ, ಅದಕ್ಕೆ ನಾನು ಗೊಳಸಂಗಿಯಿಂದ ಬಾಗೇವಾಡಿಗೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದೆ. ಕೈ ತೊಳೆಯಲಿಲ್ಲ, ಸೆರಗಿಗೆ ಒರೆಸಿಕೊಂಡೆ. ಆ ಅಂಗಡಿ ಈಗಲೂ ಕಣ್ಣಿಗೆ ಕಟ್ಟಿದೆ — ನೆಲದ ತುಂಬ ಬಿಳಿ ಗಾದಿ, ಮೇಲಿನ ಕಿಂಡಿಯಿಂದ ಇಳಿದ ಬಿಸಿಲು, ಆ ಬಿಸಿಲಿನಲ್ಲಿ ಅಂಗಡಿಯವನು ಒಂದರ ಮೇಲೊಂದು ಬಿಚ್ಚಿ ಹಾಸಿದ ಇಳಕಲ್ ಸೀರೆಗಳು. ಹಸಿರು, ಮತ್ತೂ ಹಸಿರು. ಹೊಳೆಯ ದಂಡೆಯಲ್ಲಿ ಕೂತು ನೀರು ನೋಡಿದಂತೆ ಕಣ್ಣು ಮಂಪರಾಯಿತು. ಎಷ್ಟು ಹೊತ್ತು ಕೂತಿದ್ದೆನೋ.

ನನ್ನ ಚಟ ನಿನಗೆ ಗೊತ್ತು, ಊರಿಗೆಲ್ಲ ಗೊತ್ತು. ಸೆರಗಿನ ತುದಿಯಿಂದ ಒಂದು ಎಳೆ ಜಗ್ಗಿ, ಕಡ್ಡಿ ಗೀರಿ ಸುಟ್ಟು, ಮೂಸಿ ನೋಡುವುದು. ಕೂದಲು ಸುಟ್ಟ ನಾತ ಬಂದರೆ ಖರೇ ರೇಷ್ಮೆ, ಇಲ್ಲದಿದ್ದರೆ ನಕಲಿ. ನಮ್ಮ ಅತ್ತೆ ಕಲಿಸಿದ್ದು. ಅಂಗಡಿಯವರು ಬೇಡ ಅನ್ನುತ್ತಾರೆ, ಆದ್ದರಿಂದ ಅವರು ಆಕಡೆ ತಿರುಗಿದಾಗ ಜಗ್ಗಬೇಕು. ಅವನು ಇನ್ನೊಂದು ಗಂಟು ಬಿಚ್ಚಲು ತಿರುಗಿದ. ನಾನು ಜಗ್ಗಿದೆ.

ಎಳೆ ಹರಿಯಲಿಲ್ಲ. ಜಗ್ಗಿದಷ್ಟೂ ಬಂತು. ಕೆಂಪು ಸೆರಗಿನ ಉದ್ದಕ್ಕೂ ನೇಗಿಲು ಹೊಡೆದಂತೆ ಸಾಲು ಬಿತ್ತು. ಗಾಬರಿಯಾಗಿ ಉಗುರು ಹಾಕಿ ಕಿತ್ತೆ — ಪರ್ ಅಂದಿತು. ಬೆರಳುದ್ದ ಹರಿದಿತ್ತು, ಪಕ್ಕದಲ್ಲಿ ನನ್ನ ಹೆಬ್ಬೆರಳಿನ ಎಣ್ಣೆ.

ಆಗಲೇ ಹೇಳಬಹುದಿತ್ತು. ಅಂಗಡಿಯವನು ಬೈಯುತ್ತಿದ್ದ, ಅಷ್ಟೇ. ನಾನು ಏನು ಮಾಡಿದೆ — ಹರಿದದ್ದು ಒಳಗೆ ಬರುವಂತೆ ನೀಟಾಗಿ ಮಡಿಚಿದೆ. ಈ ಬಣ್ಣ ಮಗಳಿಗೆ ಒಪ್ಪುವುದಿಲ್ಲ ಎಂದೆ. ಅವನು ನನ್ನ ಮಡಿಕೆ ನೋಡಿ, ನಿಮ್ಮಂಥ ಗಿರಾಕಿ ಬಂದರೆ ನಮಗೆ ಅರ್ಧ ಕೆಲಸ ಕಡಿಮೆರಿ ಎಂದು ನಕ್ಕ. ನಾನೂ ನಕ್ಕೆ. ಬೇರೆ ಸೀರೆ ಕಟ್ಟಿಸಿಕೊಂಡು ಬಸ್ ಹತ್ತಿದೆ. ದಾರಿಯಲ್ಲಿ ನಿದ್ದೆ ಹತ್ತಿತು. ಚಲೋ ನಿದ್ದೆಯೇ ಹತ್ತಿತು, ಸುಳ್ಳೇಕೆ ಹೇಳಲಿ.

ಉಡಿಗೆ ಇಡುವ ಸೀರೆಯನ್ನು ಒಮ್ಮೆ ಆರಿಸಿ ಕಟ್ಟಿಸಿದ ಮೇಲೆ ಮಡಿಕೆ ಬಿಚ್ಚುವುದಿಲ್ಲ ನಮ್ಮಲ್ಲಿ. ಬಸುರಿಯ ಮುಂದೆಯೇ ಬಿಚ್ಚಬೇಕು. ನಿಮ್ಮವ್ವ ಗಂಗವ್ವ ಆ ಪದ್ಧತಿ ಮೀರುವವಳಲ್ಲ. ಮೀರಿದ್ದರೆ ಚೆನ್ನಾಗಿತ್ತು. ಗಂಡ ಸತ್ತ ಮೇಲೆ ಕೊಲ್ಹಾರದಲ್ಲಿ ಮೊಸರಿನ ಗಡಿಗೆ ಹೊತ್ತು ಮಾರಿ ನಿನ್ನನ್ನು ಬೆಳೆಸಿದವಳು. ಅದೇ ಅಂಗಡಿಗೆ ಹೋಗಿ, ಮೇಲೆ ಕಂಡ ಹಸಿರು ನೋಡಿಯೇ ಮನಸ್ಸು ಸೋತು, ಹಾಗೆಯೇ ಕಟ್ಟಿಸಿ ತಂದಿದ್ದಳು.

ನಿನ್ನ ಕುಬಸದ ದಿನ ನಿಮ್ಮ ಅತ್ತೆ ಶಾಂತವ್ವ ಆ ಮಡಿಕೆ ಬಿಚ್ಚಿದಳು. ನಾನು ಕಂಬಕ್ಕೆ ಒರಗಿ ಕೂತಿದ್ದೆ. ಸೆರಗು ಬಿಚ್ಚಿಕೊಳ್ಳುತ್ತ ಬಂತು — ಆ ಸಾಲು ಕಂಡೆ, ಆ ಹರಕು ಕಂಡೆ, ನನ್ನ ಹೆಬ್ಬೆರಳು ಕಂಡೆ. ಮಂದಿಯ ಗದ್ದಲ ದೂರ ಹೋಯಿತು. ನೀರಿನೊಳಗೆ ಕೂತವಳಿಗೆ ದಂಡೆಯ ಮಾತು ಕೇಳಿದ ಹಾಗೆ ಕೇಳುತ್ತಿತ್ತು.

"ಉಟ್ಟು ಬಿಟ್ಟ ಸೀರಿ ತಂದೀಯೇನ ಬೀಗತಿ?" ಎಂದಳು ಶಾಂತವ್ವ.

"ಅಂಗಡ್ಯಾಗಿಂದ ತಂದಾಕಿ ಮಡಿಕಿ ಸೈತ ಬಿಚ್ಚಿಲ್ರಿ," ಎಂದಳು ನಿಮ್ಮವ್ವ.

ಹಿಂದಿನಿಂದ ಯಾವಳೋ, ಮೊಸರು ಹಾಕಿ ಹಳೇ ಸೀರಿ ಇಸ್ಕೊಂಡಿರಬೇಕು ಎಂದಳು. ಹೆಂಗಸರು ನಕ್ಕರು. ಆಗ ಶಾಂತವ್ವ ಸೀರೆಯನ್ನು ತಂದು ನನ್ನ ತೊಡೆಯ ಮೇಲೆ ಒಗೆದಳು.

"ನೀಲವ್ವಕ್ಕಾ, ನೀ ನೋಡಿ ಹೇಳು. ಅರಿವಿ ವಿಷಯ ನಿನಗ ಗೊತ್ತಿದ್ದಂಗ ಈ ಊರಾಗ ಯಾರಿಗೆ ಗೊತ್ತೈತಿ?"

ನಿಮ್ಮವ್ವ ನನ್ನನ್ನೇ ನೋಡಿದಳು. ಆ ನೋಟದಲ್ಲಿ ಹೆದರಿಕೆ ಇರಲಿಲ್ಲ, ಕಸ್ತೂರಿ. ಬಟ್ಟೆ ಬಲ್ಲವಳು ಸಿಕ್ಕಳು, ಇನ್ನು ನಾನು ಪಾರಾದೆ — ಅಂಥ ನೋಟ. ನಾನು ಹೊಸದು ಎಂದರೆ, ಹಾಗಾದರೆ ಹರಿದದ್ದು ಹೇಗೆ ಎನ್ನುತ್ತಾರೆ. ಅಂಗಡಿಗೆ ಒಯ್ಯುತ್ತಾರೆ. ಅಂಗಡಿಯವನಿಗೆ ನನ್ನ ಮಡಿಕೆ ನೆನಪಿದೆ... ಇದಿಷ್ಟೂ ಒಂದು ಉಸಿರಿನಲ್ಲಿ ತಲೆಯಲ್ಲಿ ಬಂದು ಹೋಯಿತು. ಸೆರಗನ್ನು ಬೆಳಕಿಗೆ ಹಿಡಿದೆ, ದೊಡ್ಡ ತಿಳಿದವಳ ಹಾಗೆ. ಆಮೇಲೆ ಅಂದೆ:

"ಹೊಸಾ ಸೀರಿ ಹಿಂಗ ಇರೂದಿಲ್ಲ ಬಿಡು."

ಅಷ್ಟೇ ಮಾತು. ನಿಮ್ಮವ್ವ ಬಂದು ಸೀರೆಯನ್ನು ನನ್ನ ತೊಡೆಯಿಂದ ತೆಗೆದುಕೊಂಡು ಮಡಿಚಿಕೊಂಡಳು. ಶಾಂತವ್ವ ಟ್ರಂಕಿನಿಂದ ಬೇರೆ ಸೀರೆ ತೆಗೆದು ನಿನ್ನ ಉಡಿ ತುಂಬಿಸಿದಳು. ನಿಮ್ಮವ್ವ ಉಣ್ಣದೆ ಬಸ್ಸಿಗೆ ಹೋದಳು. ಹೊಸ್ತಿಲು ದಾಟುವಾಗ ನಿನ್ನ ಕಡೆ ತಿರುಗಿದಳು. ನೀನು ಅವಳನ್ನು ನೋಡಲಿಲ್ಲ. ನನ್ನನ್ನು ನೋಡುತ್ತಿದ್ದೆ. ನೀನು ನಂಬಿದ್ದು ನನ್ನನ್ನು.

ಚೊಚ್ಚಲ ಬಾಣಂತನಕ್ಕೆ ನಿನ್ನನ್ನು ತವರಿಗೆ ಕಳಿಸಲಿಲ್ಲ. ನಿಮ್ಮವ್ವ ಬಸ್ ಸ್ಟ್ಯಾಂಡಿನವರೆಗೆ ಬಂದು, ಯಾರ ಕೈಯಲ್ಲಾದರೂ ಮೊಸರಿನ ಗಡಿಗೆ ಕಳಿಸಿ, ಅಲ್ಲಿಂದಲೇ ತಿರುಗಿ ಹೋಗುತ್ತಿದ್ದಳು. ವರ್ಷಗಳ ಮೇಲೆ ನಿನ್ನ ಮಗಳು ಲಕ್ಷ್ಮಿ ಅಜ್ಜಿಯ ಊರಿಗೆ ಹೋಗೋಣ ಎಂದು ಹಟ ಹಿಡಿದಾಗ ನೀನು ಅಂದೆ, "ಉಟ್ಟು ಬಿಟ್ಟಿದ್ದನ್ನ ಮಗಳ ಉಡಿಗೆ ಹಾಕಾಕಿಯ ಮನಿಗೆ ಏನ ಹೋಗ್ತಿ?" ಗೋಡೆಯ ಈಚೆ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಲಿಲ್ಲ. ಅದೇ ನನಗೆ... ಕೈ ನಿಲ್ಲಬೇಕಿತ್ತು.

ಕನಸಿಗೆಲ್ಲ ಬೆಲೆ ಕೊಡುವವಳಲ್ಲ ನಾನು. ಹೊಟ್ಟೆ ಕೆಟ್ಟರೆ ಕನಸು ಬೀಳುತ್ತದೆ. ಆದರೆ ಹಳೆ ಕೊಲ್ಹಾರ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಮೇಲೆ, ಮಧ್ಯಾಹ್ನ ಉಂಡು ಅಡ್ಡಾದಾಗೊಮ್ಮೆ ಅಲ್ಲಿಗೆ ಹೋಗುತ್ತೇನೆ. ಓಣಿ ಇಳಿಯುತ್ತ ಇಳಿಯುತ್ತ ನೀರೊಳಗೆ ಹೋಗುತ್ತದೆ, ನಾನೂ ಹೋಗುತ್ತೇನೆ, ಉಸಿರು ಕಟ್ಟುವುದಿಲ್ಲ. ಬಾಗಿಲುಗಳು ತೆರೆದಿರುತ್ತವೆ. ತಲೆಯ ಮೇಲೆ ನೀರಿನ ಮುಗಿಲು, ಅದರ ತುಂಬ ಹಾಸಿದ ಹಸಿರು ಸೀರೆ ಪಾಚಿಯಂತೆ ತೂಗುತ್ತಿರುತ್ತದೆ, ಅದರೊಳಗಿಂದ ಬಿಸಿಲು ಸೋರಿ ಬರುತ್ತದೆ. ನಿಮ್ಮವ್ವ ಕಟ್ಟೆಯ ಮೇಲೆ ಕೂತು ಮೊಸರು ಅಳೆಯುತ್ತಿರುತ್ತಾಳೆ, ಮೊಸರು ನೀರಿಗೆ ಕೂಡುವುದಿಲ್ಲ, ಬೆಳ್ಳಗೆ ಹಾಗೆಯೇ ನಿಂತಿರುತ್ತದೆ. ಹೇಳಬೇಕೆಂದು ಬಾಯಿ ತೆರೆಯುತ್ತೇನೆ. ಗುಳ್ಳೆ ಬರುತ್ತವೆ. ಚೆಂದದ ಕನಸು ಅದು — ಅದೇ ಅದರ ಕೆಟ್ಟತನ. ಎದ್ದ ಮೇಲೂ ಅಲ್ಲೇ ಇರಬೇಕು ಅನ್ನಿಸುತ್ತದೆ, ಹೇಳದೆ.

ಮೊನ್ನೆ ಮೊಮ್ಮಗಳು ರೇಖಾ ಮುದ್ದೇಬಿಹಾಳದ ಹೊಸ ರೆಡಿಮೇಡ್ ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಸಾಲಾಗಿ ತೂಗುಹಾಕಿದ ಬಟ್ಟೆ, ಯಾರು ಬೇಕಾದರೂ ಒಳಗೆ ಒಯ್ದು ತೊಟ್ಟು ನೋಡಬಹುದು. ಅವಳು ಒಂದು ಬಿಳಿ ಕುರ್ತಾ ತೊಡುವಾಗ ತುಟಿಯ ಬಣ್ಣ ಕೊರಳಿಗೆ ಹತ್ತಿತು. ಹೊರಗೆ ಬಂದವಳೇ ಕಲೆ ಒಳಗೆ ಮಾಡಿ, ಹ್ಯಾಂಗರಿಗೆ ಹಾಕಿ, ಸಾಲಿನಲ್ಲಿ ತೂರಿಸಿದಳು. ಇದೇನ ಹುಡುಗಿ ಅಂದೆ.

"ಬಿಡ ಆಯಿ, ದಿನಾ ಎಷ್ಟ ಮಂದಿ ಹಿಂಗ ಮಾಡ್ತಾರ. ತೊಗೊಂಡಾಕಿ ತೊಳಕೋತಾಳ."

ಬೈಯಬೇಕೆಂದೆ. ಯಾವ ಬಾಯಿಂದ ಬೈಯಲಿ? ಆ ಕುರ್ತಾ ಮತ್ತೆ ತೆಗೆದು ಕೈಯಲ್ಲಿ ಹಿಡಿದು ನಿಂತೆ. ತೊಗೊಂಡಾಕಿ ಯಾರೋ, ಅವಳನ್ನು ಯಾರು ನಂಬುತ್ತಾರೋ. ಅಂಗಡಿಯ ಹುಡುಗಿಯ ಕೈಗೆ ಕೊಟ್ಟು, ಕಲೆ ತೋರಿಸಿ, ನಮ್ಮಿಂದಲೇ ಆದದ್ದು ಎಂದೆ. ರೇಖಾ ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತಳು.

ಮರುದಿನ ಹೊಸ ಕೊಲ್ಹಾರಕ್ಕೆ ಹೋದೆ. ನಿಮ್ಮವ್ವನಿಗೆ ಒದರದ ಹೊರತು ಕಿವಿ ಕೇಳುವುದಿಲ್ಲ, ನಿನಗೆ ಗೊತ್ತಿದೆಯೋ ಇಲ್ಲವೋ. ನನ್ನನ್ನು ಗುರುತು ಹಿಡಿಯಲಿಲ್ಲ. ಮೊಸರಿಗೆ ಬಂದವಳು ಎಂದುಕೊಂಡು, "ಎಮ್ಮಿ ಬತ್ತೇತವ್ವಾ, ಮೊಸರಿಲ್ಲ," ಎಂದಳು. ನಾನು ಗೊಳಸಂಗಿಯ ನೀಲವ್ವ ಎಂದು ಒದರಿದೆ. ಸಣ್ಣ ದನಿಯಲ್ಲಿ ಹೇಳಿ ಮುಗಿಸುವ ಮಾತು ಎಂದುಕೊಂಡು ಹೋಗಿದ್ದೆ. ಆಗಲಿಲ್ಲ. ಎಳೆ ಜಗ್ಗಿದ್ದು, ಹರಿದದ್ದು, ಮಡಿಚಿಟ್ಟದ್ದು, ಸುಳ್ಳು ಹೇಳಿದ್ದು — ಒಂದೊಂದನ್ನೂ ಓಣಿಗೆಲ್ಲ ಕೇಳುವಂತೆ ಒದರಬೇಕಾಯಿತು. ಬಾಗಿಲು ಬಾಗಿಲಿಗೆ ಮಂದಿ ಬಂದು ನಿಂತರು. ಅಡ್ಡಿಯಿಲ್ಲ. ಅವತ್ತೂ ಮಂದಿ ನಿಂತಿದ್ದರಲ್ಲ.

ನಾನು ಒದರುವಷ್ಟು ಹೊತ್ತೂ ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಅಂದಳು:

"ಸೀರಿ ಹೊಸಾದು ಅನ್ನೂದು ನನಗ ಗೊತ್ತಿತ್ತಲ್ಲ. ನನಗ್ಯಾಕ ಹೇಳ್ತಿ? ನನ್ನ ಮಗಳಿಗೆ ಹೇಳು."

ನೀರು ಕುಡಿ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ಅದಕ್ಕೇ ನಿಮ್ಮ ಮನೆಗೆ ಬಂದದ್ದು. ಚಹಾ ಕೊಡುತ್ತ ನೀನು ಅಂದೆ, ಈಗ ನಮ್ಮ ಲಕ್ಷ್ಮಿಯ ಕುಬಸ, ಸಿಂದಗಿಯ ಬೀಗರು ಬಹಳ ಕಟ್ಟುನಿಟ್ಟು, "ದೊಡ್ಡವ್ವಾ, ಸೀರಿ ತರಾಕ ನೀವ ಬರ್ರಿ. ನೀವು ಎಳಿ ಜಗ್ಗಿ ನೋಡಿದ್ರ ನನಗ ಧೈರ್ಯ." ಅದನ್ನು ಕೇಳಿ ಎದ್ದು ಬಂದೆ. ಹೆದರಿದ್ದೆ ಎಂದುಕೋ. ಹೆದರಿಕೆ ಅವತ್ತೂ ಇತ್ತು, ಅದೇನು ಹೊಸದಲ್ಲ.

ನಾನು ಬರುವುದಿಲ್ಲ, ಕಸ್ತೂರಿ. ನಿಮ್ಮವ್ವನನ್ನು ಕರೆದುಕೊಂಡು ಹೋಗು. ಕಿವಿ ಹೋಗಿದೆ, ಕಣ್ಣು ಚಲೋ ಇವೆ, ಅವಳು ಆರಿಸಲಿ. ಮಡಿಕೆ ಅಂಗಡಿಯಲ್ಲೇ ಪೂರಾ ಬಿಚ್ಚಿಸಿ ನೋಡಿರಿ, ಯಾವ ಪದ್ಧತಿಗೂ ಕಾಯಬೇಡಿರಿ.

ನಿಮ್ಮ ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಅವಳ ಕಿವಿ ಇನ್ನೂ ಚುರುಕು. ನಾಳೆ ಅವಳ ಹತ್ತಿರ ಬರುತ್ತೇನೆ. ಅವತ್ತು ನಕ್ಕವರಲ್ಲಿ ಉಳಿದವರನ್ನೂ ಕರೆಸುತ್ತೇನೆ. ಅವರ ಮುಂದೆ ಹೇಳುತ್ತೇನೆ, ಕೊಲ್ಹಾರದಲ್ಲಿ ಹೇಳಿದಷ್ಟೇ ದೊಡ್ಡ ದನಿಯಲ್ಲಿ. ನೀನು ನನಗೆ ಏನನ್ನಾದರೂ ಅನ್ನಬಹುದು, ಅನ್ನದೆಯೂ ಇರಬಹುದು. ನಾನು ಬಂದಾಗ ನೀನು ಮನೆಯಲ್ಲಿರಬೇಡ. ಮುಂಜಾನೆಯ ಮೊದಲ ಬಸ್ಸಿಗೆ ಕೊಲ್ಹಾರಕ್ಕೆ ಹೋಗು.