ಪಾರ್ಕಿಂಗಿನಲ್ಲಿ ಚರಗ

ನಾನು ಮೂರನೇ ಇಯತ್ತೆಯ ತನಕ ಶಾಲೆಗೆ ಹೋದವಳು. ಅಕ್ಷರ ಕೂಡಿಸಿ ಬರೆಯಲು ಹೊತ್ತು ಹಿಡಿಯುತ್ತದೆ. ಸೊಸೆ ಹತ್ತನೆಯ ತನಕ ಓದಿದ್ದಾಳೆ, ಆದರೆ ತೆಲುಗಿನಲ್ಲಿ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಅವಳ ವಿಷಯ ನಾನು ಏನು ಬರೆದರೂ ಭಯವಿಲ್ಲ.

ನಾವು ಕಲಬುರಗಿ ಕಡೆಯವರು. ಈಗ ಹೈದರಾಬಾದಿನ ಕೊಂಡಾಪುರದ ಒಂದು ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ, ಮೆಟ್ಟಿಲ ಪಕ್ಕದ ಖೋಲಿಯಲ್ಲಿದ್ದೇವೆ. ಕಾರು ನಿಲ್ಲಿಸುವ ನೆಲಮಾಳಿಗೆಗೆ ಇಲ್ಲಿ ಸೆಲ್ಲಾರ್ ಅನ್ನುತ್ತಾರೆ. ಗಂಡ ಅಲ್ಲಿ ವಾಚ್‌ಮನ್. ಸೊಸೆ ಮೇಲಿನ ಎರಡು ಮನೆಗಳಲ್ಲಿ ಅಡಿಗೆ ಮಾಡುತ್ತಾಳೆ. ಮಗ ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಮುಖ ತೋರಿಸುತ್ತಾನೆ.

ನಾವು ಬಂದಾಗ ಇಲ್ಲಿ ಬಂಡೆಗಳಿದ್ದವು, ಸೀತಾಫಲದ ಗಿಡಗಳಿದ್ದವು, ನಡುನಡುವೆ ಜೋಳದ ಹೊಲಗಳಿದ್ದವು. ಈ ಕಟ್ಟಡದ ಪಾಯ ತೋಡುವಾಗ ಮಣ್ಣು ಹೊತ್ತವರಲ್ಲಿ ನಾನೂ ಒಬ್ಬಳು. ಮೊದಲನೆಯ ಸ್ಲ್ಯಾಬು ಹಾಕುವ ದಿನ ಹಸಿ ಕಾಂಕ್ರೀಟಿನಲ್ಲಿ ನನ್ನ ಕಾಲು ಹೂತಿತು. ಕಾಲು ಹೊರಗೆ ಬಂತು, ಕಾಲುಂಗುರ ಒಳಗೇ ಉಳಿಯಿತು. ಹುಡುಕಲು ಮೇಸ್ತ್ರಿ ಬಿಡಲಿಲ್ಲ. ಸ್ಲ್ಯಾಬು ನಡುವೆ ನಿಲ್ಲಿಸಬಾರದು, ಮುಂದಿನ ಬುಟ್ಟಿ ತಾ ಅಂದ. ತಂದುಕೊಟ್ಟೆ. ಕಟ್ಟಡ ಮುಗಿದ ಮೇಲೆ ಕಟ್ಟಿಸಿದವರು ನನ್ನ ಗಂಡನನ್ನು ಕಾವಲಿಗೆ ಇಟ್ಟುಕೊಂಡರು. ಆವತ್ತಿನಿಂದ ಅದೇ ಸ್ಲ್ಯಾಬಿನ ಕೆಳಗೆ ಮಲಗುತ್ತಿದ್ದೇನೆ.

ಊರಲ್ಲಿ ಹೊಲ ಇತ್ತು. ನಮ್ಮ ಪಾಲನ್ನು ಮೈದುನನಿಗೆ ಬಿಟ್ಟುಕೊಟ್ಟೆವು. ಅಲ್ಲಿದ್ದು ದುಡಿಯುವವನು ಅವನು, ಅವನೇ ಉಣ್ಣಲಿ. ಅದರ ಬಗ್ಗೆ ನನಗೆ ದುಃಖವಿಲ್ಲ. ಊರಿಗೆ ಹೋದರೆ ನಮ್ಮನ್ನು ಹೈದರಾಬಾದಿನವರು ಅನ್ನುತ್ತಾರೆ, ಇಲ್ಲಿ ಕರ್ನಾಟಕದವರು ಅನ್ನುತ್ತಾರೆ. ಎರಡೂ ಸುಳ್ಳಲ್ಲ.

ಒಂದೇ ಒಂದನ್ನು ಮಾತ್ರ ನಾನು ಬಿಟ್ಟಿರಲಿಲ್ಲ, ಎಳ್ಳ ಅಮಾವಾಸ್ಯೆಯ ಚರಗ. ಆ ದಿನ ನಮ್ಮ ಕಡೆ ಸಜ್ಜೆಯ ಕಡಬು, ಎಲ್ಲ ಹಸಿಕಾಳು ಕೂಡಿಸಿ ಕಡಲೆಹಿಟ್ಟು ಹಾಕಿ ಕುದಿಸಿದ ಹಳದಿ ಭಜ್ಜಿ, ಅಂಬಲಿ ಮಾಡಿಕೊಂಡು ಹೊಲಕ್ಕೆ ಹೋಗುತ್ತಾರೆ. ಎಲ್ಲವನ್ನೂ ಕಲೆಸಿ, ಬೆಳೆಯ ಸುತ್ತ ಹಿಡಿಹಿಡಿಯಾಗಿ ಚೆಲ್ಲುತ್ತಾರೆ. ಮುಂದೆ ಒಬ್ಬರು ಕೂಗುತ್ತ ಚೆಲ್ಲಬೇಕು, ಹಿಂದೆ ಒಬ್ಬರು ನೀರು ಚಿಮುಕಿಸಬೇಕು. ಭೂಮಿ ಬಸುರಿ, ಅವಳ ಬಾಯಿಗೆ ರುಚಿ ಬೇಕು ಅಂತ ನಂಬಿಕೆ. ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ಒಂದು ಖಾಲಿ ಜಾಗ ಇತ್ತು. ವರ್ಷಾನುಗಟ್ಟಲೆ ಅಲ್ಲೇ ಚೆಲ್ಲಿದೆ. ಹಂದಿ ಬಿಟ್ಟರೆ ಯಾರೂ ನೋಡಲಿಲ್ಲ.

ಮೂರು ವರ್ಷದ ಹಿಂದೆ ಆ ಜಾಗಕ್ಕೆ ಜೆಸಿಬಿ ಬಂತು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಅಲ್ಲಿ ಎರಡಾಳು ಆಳದ ಗುಂಡಿ.

"ಈ ಸಲ ಚರಗ ಎಲ್ಲಿ ಚೆಲ್ಲೂದು?" ಅಂತ ಗಂಡನನ್ನು ಕೇಳಿದೆ.

"ಈ ಸಲ ಉಂಡು ಮಲಕೋ," ಅಂದ.

"ಯಾವ ನೆಲ ನಮಗ ಅನ್ನ ಹಾಕತೈತಿ, ಅದಕ್ಕ ನಾವು ಹಾಕಬೇಕು. ಈಗ ಹಾಕಾಕತ್ತಿದ್ದು ಈ ಬಿಲ್ಡಿಂಗ. ಇದರ ಸುತ್ತ ಚೆಲ್ಲತೀನಿ."

ಸೊಸೆ ಕಡಬು ತಟ್ಟುವುದನ್ನು ನಿಲ್ಲಿಸಿದಳು. "ಅತ್ತಿ, ಇದು ಹೊಲ ಅಲ್ರಿ. ನೋಡಿದವರು ಏನಂತಾರ?"

"ಎಳ್ಳಮಾಸಿ ಅಂತಾರ."

"ಇಲ್ಲಿ ಯಾರಿಗಿ ಗೊತ್ತೈತ್ರಿ ಎಳ್ಳಮಾಸಿ?"

"ನಿನಗ ಗೊತ್ತೈತಲ್ಲ. ನೀರಿನ ಚಂಬು ಹಿಡಕೊಂಡು ಹಿಂದ ಬಾ."

ಬಂದಳು. ಮುಖ ಮಾತ್ರ ಹಾಗಲಕಾಯಿ ತಿಂದಂತಿತ್ತು. ನಡು ಮಧ್ಯಾಹ್ನ, ನಾನು ಗೇಟಿನಿಂದ ಶುರು ಮಾಡಿ ಕಾಂಪೌಂಡಿನ ಒಳಗೋಡೆಯ ಗುಂಟ ಚೆಲ್ಲುತ್ತ ಹೋದೆ. "ಹುಲ್ಲುಲ್ಲಿಗೋ, ಚಲಾಂಬರಿಗೋ" ಅಂತ ಕೂಗಿದೆ. ಅದರ ಅರ್ಥ ನನಗೂ ಗೊತ್ತಿಲ್ಲ, ನನ್ನ ಅತ್ತೆಗೂ ಗೊತ್ತಿರಲಿಲ್ಲ. ಆದರೆ ಕೂಗದೆ ಚೆಲ್ಲಿದರೆ ಅದು ಕಸ ಚೆಲ್ಲಿದ ಹಾಗೆ. ಸೆಲ್ಲಾರಿನೊಳಗೂ ಒಂದು ಸುತ್ತು ಬಂದೆ. ಅಲ್ಲಿ ಕೈ ಸ್ವಲ್ಪ ಜೋರಾಯಿತು. ಒಂದು ಹಿಡಿ ಹೋಗಿ ನಾಲ್ಕನೇ ಅಂತಸ್ತಿನವರ ಕಾರಿನ ಮೇಲೆ ಬಿತ್ತು. ಕಾರು ಹೊಸದು, ಪೂಜೆಯ ಹೂವು ಇನ್ನೂ ಬಾಡಿರಲಿಲ್ಲ. ಸೊಸೆ ಗಾಬರಿಯಲ್ಲಿ ಅದರ ಮೇಲೂ ನೀರು ಚಿಮುಕಿಸಿಬಿಟ್ಟಳು.

ಕಾರಿನವನಿಗೆ ಮನೆಯಲ್ಲೇ ಆಫೀಸು. ನನ್ನ ಕೂಗು ಕೇಳಿ ಆಗಲೇ ಬಾಲ್ಕನಿಯಿಂದ ವಿಡಿಯೋ ತೆಗೆದಿದ್ದ. ಅಮಾವಾಸ್ಯೆಯ ದಿನ, ತಲೆಯ ಮೇಲೆ ಸೆರಗು ಹೊದ್ದ ಮುದುಕಿ, ಹಳದಿ ಹಳದಿ ಅನ್ನ, ಮನೆಯ ಸುತ್ತ ಸುತ್ತು. ಕೆಳಗಿಳಿದು ಬಂದು ನೋಡಿದರೆ ಅವನ ಕಾರಿನ ಮೇಲೂ ಅದೇ ಹಳದಿ. ಇಪ್ಪತ್ತು ಮನೆಯವರ ಫೋನಿಗೂ ವಿಡಿಯೋ ಹೋಯಿತು.

ಸಂಜೆ ಸೆಲ್ಲಾರಿನಲ್ಲಿ ಹತ್ತು ಹನ್ನೆರಡು ಜನ ಸೇರಿದರು. ಕುರ್ಚಿಯಲ್ಲಿ ಮನೆಯವರ ಸಂಘದ ಸೆಕ್ರೆಟರಿ. ಅವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಕೆಟ್ಟವರಲ್ಲ, ಆದರೆ ಎಲ್ಲದಕ್ಕೂ ಕಾಗದ ಬೇಕು. ಅವರೆಲ್ಲ ಮಾತಾಡಿದ್ದು ತೆಲುಗಿನಲ್ಲಿ. ನಾನೂ ತೆಲುಗು ಮಾತಾಡುತ್ತೇನೆ, ಸಿಟ್ಟು ಬಂದರೆ ಮಾತ್ರ ಅದು ಕನ್ನಡಕ್ಕೆ ತಿರುಗುತ್ತದೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ.

"ನಿಮ್ಮ ಕಡೆಯವರ ಮಾಟ, ಬಾನಾಮತಿ ನನಗೆ ಗೊತ್ತಿಲ್ಲವಾ?" ಅಂದ ಕಾರಿನವನು. "ನನ್ನ ಕಾರಿನ ಮೇಲೆ ಏನು ಹಾಕಿದೆ?"

"ಕಡಬು, ಭಜ್ಜಿ."

"ಇವರನ್ನು ಖಾಲಿ ಮಾಡಿಸಿ ಸಾರ್. ಏಜೆನ್ಸಿಯಿಂದ ಯೂನಿಫಾರ್ಮ್ ಹಾಕಿದವರನ್ನು ಕರೆಸೋಣ."

ಹಿಂದೆ ನಿಂತಿದ್ದ ಇಬ್ಬರು ಹೂಂ ಅಂದರು. ಗಂಡ ಕೈ ಮುಗಿದುಕೊಂಡು ನಿಂತುಬಿಟ್ಟ. ಅವನ ವಯಸ್ಸಿನವನಿಗೆ ಇನ್ನೊಂದು ಗೇಟು ಯಾರು ಕೊಡುತ್ತಾರೆ? ಖೋಲಿ ಹೋದರೆ ಸೊಸೆಯ ಎರಡು ಮನೆಯ ಅಡಿಗೆಯೂ ಹೋಗುತ್ತದೆ. ಅದೆಲ್ಲ ನನಗೆ ಆಗಲೇ ಹೊಳೆಯಿತು.

"ಯಾಕಮ್ಮಾ ಹೀಗೆ ಮಾಡಿದೆ?" ಸೆಕ್ರೆಟರಿ ಕೇಳಿದರು.

"ನಮಗ ಬ್ಯಾರೆ ಹೊಲ ಇಲ್ರಿ. ಇದ ನಮ್ಮ ಹೊಲ."

ಯಾರೋ ನಕ್ಕರು. ಕಾರಿನವನು, "ನಿನ್ನ ಹೊಲವಾ? ಕಾಗದ ತೋರಿಸು," ಅಂದ.

"ಕಾಗದ ಇಲ್ಲ. ನಿಮ್ಮ ತಲಿ ಮ್ಯಾಲಿನ ಸ್ಲ್ಯಾಬಿನಾಗ ನನ್ನ ಕಾಲುಂಗುರ ಐತಿ. ತೆಗದು ಕೊಡ್ರಿ, ಹೋಗತೀನಿ."

ಎಲ್ಲರೂ ಮೇಲೆ ನೋಡಿದರು.

ಆಗ ಸೊಸೆ ಒಳಗೆ ಹೋಗಿ ಭಜ್ಜಿಯ ಪಾತ್ರೆ, ಕಡಬಿನ ಬುಟ್ಟಿ ತಂದು ಸೆಕ್ರೆಟರಿಯ ಮುಂದೆ ಇಟ್ಟಳು. ಅವಳ ತೆಲುಗು ಇಲ್ಲೇ ಹುಟ್ಟಿದವಳ ತೆಲುಗು, ಎಲ್ಲೂ ತಡವರಿಸುವುದಿಲ್ಲ.

"ಇವರು ಚೆಲ್ಲಿದ್ದು ಇದನ್ನೇ. ನಾನೇ ಮಾಡಿದ್ದು," ಅಂದಳು. "ದಿನಾ ಬೆಳಿಗ್ಗೆ ನಿಮ್ಮಲ್ಲಿ ಎರಡು ಮನೆಗೆ ಬೇಳೆ ಕುದಿಸುವವಳೂ ನಾನೇ. ಮಾಟ ಮಾಡುವುದಿದ್ದರೆ ಕಾರಿನ ಮೇಲೆ ಯಾಕೆ ಚೆಲ್ಲಲಿ ಸಾರ್? ಬೇಳೆಯಲ್ಲೇ ಹಾಕುತ್ತಿರಲಿಲ್ಲವಾ?"

ಆ ಎರಡು ಮನೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಗಂಡ ಕಣ್ಣು ಮುಚ್ಚಿಕೊಂಡ. ಮುಗಿಯಿತು, ಇವಳೇ ನಮ್ಮ ಗಂಟುಮೂಟೆ ಕಟ್ಟಿಸಿದಳು ಅಂದುಕೊಂಡೆ.

ಅಷ್ಟರಲ್ಲಿ ಒಬ್ಬಳು ಜೋರಾಗಿ ನಕ್ಕಳು, ಎರಡನೇ ಅಂತಸ್ತಿನ ಮುದುಕಿ. ಮಗನ ಮನೆಯಲ್ಲಿರುವವಳು, ಇದೇ ತೆಲಂಗಾಣದ ಹಳ್ಳಿಯ ರೈತರ ಮಗಳು. ಅಲ್ಲಿಯ ತನಕ ನನ್ನ ಜೊತೆ ಅವಳ ಮಾತು ನೀರಿನ ಮೋಟರಿನದಷ್ಟೇ. ಕೋಲು ಊರಿಕೊಂಡು ಮುಂದೆ ಬಂದಳು, ಬುಟ್ಟಿಯಿಂದ ಒಂದು ಕಡಬು ಎತ್ತಿಕೊಂಡಳು, ಭಜ್ಜಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು. ಅವಳಿಗೆ ಹಲ್ಲು ಕಡಿಮೆ. ಅವಳು ಅಗಿದು ಮುಗಿಸುವ ತನಕ ಎಲ್ಲರೂ ಕಾದರು.

"ಇದು ನಮ್ಮ ಪೊಲಿ ಇದ್ದ ಹಾಗೇ ಇದೆ," ಅಂದಳು. "ನಮ್ಮಪ್ಪ ಹೊಲದ ಸುತ್ತ ಅನ್ನ ಚೆಲ್ಲುತ್ತಿದ್ದ, ಪೊಲಿ ಪೊಲಿ ಅಂತ ಕೂಗುತ್ತಿದ್ದ. ನೀವು ಕಾರಿಗೆ ಲಿಂಬೆಹಣ್ಣು ಕಟ್ಟಿದರೆ ಪೂಜೆ, ಇವಳು ಅನ್ನ ಹಾಕಿದರೆ ಮಾಟವಾ?" ಆಮೇಲೆ ನನ್ನ ಕಡೆ ತಿರುಗಿದಳು. "ಉಪ್ಪು ಕಡಿಮೆ."

ಉಪ್ಪು ಸರಿಯಾಗಿಯೇ ಇತ್ತು. ಅವಳ ನಾಲಿಗೆ ಸತ್ತಿದೆ. ಆದರೆ ಅದು ವಾದ ಮಾಡುವ ಹೊತ್ತಲ್ಲ, ಹೂಂ ಅಂದೆ.

ಒಬ್ಬರು ತಿಂದ ಮೇಲೆ ಇನ್ನಿಬ್ಬರು ತಿಂದರು. ತಿನ್ನುತ್ತ ತಿನ್ನುತ್ತ ಖಾಲಿ ಮಾಡಿಸಿ ಅನ್ನುವುದು ಕಷ್ಟ. ಕಾರಿನವನು ಮುಟ್ಟಲಿಲ್ಲ. ಸೆಕ್ರೆಟರಿ ಒಂದು ಕಾಗದದಲ್ಲಿ ತೆಲುಗಿನಲ್ಲಿ ಏನೋ ಬರೆದರು. "ಇಲ್ಲಿ ಸಹಿ ಮಾಡಮ್ಮಾ, ಖೋಲಿ ನಿಮ್ಮದೇ ಇರಲಿ," ಅಂದರು. ಹೆಬ್ಬೆಟ್ಟಿಗೆ ಶಾಯಿ ತರಲು ಹೊರಟವರನ್ನು ನಿಲ್ಲಿಸಿ ನಾನು ಕನ್ನಡದಲ್ಲಿ ನನ್ನ ಹೆಸರು ಬರೆದೆ. ಎರಡು ಲಿಪಿ ಅಕ್ಕತಂಗಿಯರ ಹಾಗೆ. ಅವರು ಬೆರಳಿಟ್ಟುಕೊಂಡು ಅದನ್ನು ಪೂರ್ತಿ ಓದಿದರು. ಅಷ್ಟು ವರ್ಷ ಅವರಿಗೆ ನಾನು ವಾಚ್‌ಮನ್ ಹೆಂಡತಿ. ನನ್ನ ಹೆಸರು ಅವರ ಬಾಯಲ್ಲಿ ಕೇಳಿದ್ದು ಅವತ್ತೇ ಮೊದಲು.

ಖೋಲಿಗೆ ಬಂದ ಮೇಲೆ ಸೊಸೆಯನ್ನು ಕೇಳಿದೆ. "ಏನು ಬರದಾರ ಅದರಾಗ?"

"ಗಾಡಿ ಮ್ಯಾಲ ಚೆಲ್ಲಬಾರದಂತ್ರಿ. ಕೂಗೂದಕ್ಕ ಮೊದಲ ಹೇಳಬೇಕಂತ."

"ಚೆಲ್ಲಬಾರದು ಅಂತ ಇಲ್ಲಲ್ಲ?"

"ಇಲ್ರಿ. ಸುಮ್ನ ಮಲಕೋರಿ ಇನ್ನ."

ಮರುವರ್ಷ ಎಳ್ಳ ಅಮಾವಾಸ್ಯೆಯ ದಿನ ಸೊಸೆ ಬೆಳಿಗ್ಗೆಯೇ ಎಲ್ಲರ ಫೋನಿಗೂ ಸುದ್ದಿ ಕಳಿಸಿದಳು: ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಅತ್ತೆ ಕೂಗುತ್ತಾರೆ. ಎರಡನೇ ಅಂತಸ್ತಿನ ಮುದುಕಿ ಉಪ್ಪಿನ ಡಬ್ಬಿ ಹಿಡಿದುಕೊಂಡೇ ಇಳಿದು ಬಂದಳು. ಗಂಡ ನೀರಿನ ಚಂಬು ಹಿಡಿದ, ಯಾರೂ ಹೇಳಿರಲಿಲ್ಲ. ಕಾರಿನವನು ಹನ್ನೊಂದಕ್ಕೇ ಕಾರು ತೆಗೆದು ಹೊರಗೆ ರಸ್ತೆಯಲ್ಲಿ ನಿಲ್ಲಿಸಿ ಬಂದ. ನನ್ನ ಮುಖ ನೋಡಲಿಲ್ಲ, ಬೈಯಲೂ ಇಲ್ಲ.

ಅವನ ಕಾರು ನಿಲ್ಲುವ ಜಾಗ ಖಾಲಿಯಿತ್ತು. ಅಲ್ಲಿ ಎರಡು ಹಿಡಿ ಹೆಚ್ಚೇ ಚೆಲ್ಲಿದೆ.