ಜಗ್ಗೈತಿ ಅಂದದ್ದು

ಹೋದ ಬೇಸಿಗೆಯಲ್ಲಿ ಹೊಲದ ಬಾವಿಯೊಳಗೆ ಪಂಪಿನ ಕೊಳವೆಯ ತಳಕ್ಕಿರುವ ಫುಟ್‌ವಾಲ್ವ್ ಕಸ ಕಟ್ಟಿಕೊಂಡಿತು. ಮೆಟ್ಟಿಲು ಕುಸಿದಿದ್ದರಿಂದ ನನ್ನ ಗಂಡ ಹಲಗೆಯ ಮೇಲೆ ಕೂತು ಹಗ್ಗದಲ್ಲಿ ಇಳಿದರು. ಬಾವಿಯ ಬಾಯಿಗೆ ಅಡ್ಡಲಾಗಿ ಎರಡು ಕಲ್ಲುಕಂಬಗಳ ಮೇಲೆ ಕಬ್ಬಿಣದ ಪೈಪು, ಅದಕ್ಕೆ ಗಾಲಿ. ಮೇಲೆ ಹಗ್ಗ ಹಿಡಿದವರು ಗಂಡನ ಅಣ್ಣ, ಅಂದರೆ ನನ್ನ ಬಾವ, ಅವರ ಹೆಂಡತಿ ಮತ್ತು ನಾನು. ಹಗ್ಗ ಹಗರಿಬೊಮ್ಮನಹಳ್ಳಿ ಸಂತೆಯಿಂದ ತಂದ ಹೊಸ ನೈಲಾನಿನದು. ಆನೆಯನ್ನೂ ಎತ್ತುತ್ತದೆ ಎಂದು ಬಾವ ಬೆಳಗಿನಿಂದ ಬಡಾಯಿ ಕೊಚ್ಚುತ್ತಿದ್ದರು. ಹಾಗಾಗಿ ಎಲ್ಲರ ಕಣ್ಣೂ ಹಗ್ಗದ ಮೇಲೆಯೇ.

ಕೆಲಸ ಮುಗಿಸಿ ನನ್ನ ಗಂಡ ಮೇಲೆ ಬರುವಾಗ ತೊಡಕು ಶುರುವಾಯಿತು. ನಾವು ಮಾರುದ್ದ ಎಳೆದರೂ ಅವರು ಅಷ್ಟು ಏರುತ್ತಿರಲಿಲ್ಲ. ಹೊಸ ಹಗ್ಗ ಹಿಗ್ಗುತ್ತಿದೆ ಎಂದರು ಬಾವ. ಅದು ನಿಜವೂ ಆಗಿತ್ತು. ಭಾರಕ್ಕೆ ನೈಲಾನು ಸಣ್ಣಗಾಗಿ, ಉದ್ದವಾಗಿ ಕೈಯಲ್ಲಿ ಜುಂ ಎನ್ನುತ್ತಿತ್ತು. ಅರ್ಧ ದಾರಿಗೆ ಬಂದಾಗ ಕೆಳಗಿನಿಂದ ದನಿ ಬಂತು.

"ಜಗ್ಗೈತಿ."

ಕೊನೆಯ ಅಕ್ಷರವನ್ನು ಬಾವಿಯ ಗೋಡೆ ನುಂಗಿತು. ನಮಗೆ ಕೇಳಿದ್ದು 'ಜಗ್ಗ್ರಿ'. ನಮ್ಮ ಕಡೆ ಎಳೆಯುವುದೂ ಜಗ್ಗುವುದೇ, ಭಾರಕ್ಕೆ ಬಾಗುವುದೂ ಜಗ್ಗುವುದೇ. ಮೂವರೂ ಹಲ್ಲು ಕಚ್ಚಿ ಜಗ್ಗಿದೆವು. ಅವರು ಮತ್ತೆ ಕೂಗಿದರು, ನಾವು ಇನ್ನಷ್ಟು ಜಗ್ಗಿದೆವು. ಇದೇನು ಅವಸರ ಈ ಮನುಷ್ಯನಿಗೆ ಎಂದು ನನಗೆ ಸಿಟ್ಟೇ ಬಂತು. ಮುಖದ ಬೆವರನ್ನು ತೋಳಿಗೆ ಉಜ್ಜುತ್ತ ತಲೆ ಎತ್ತಿದೆ. ಪೈಪು ಒದ್ದೆ ಕೌದಿ ಹಾಕಿದ ತಂತಿಯಂತೆ ನಡುವೆ ಕೆಳಗಿಳಿದಿತ್ತು, ಒಂದು ತುದಿ ಕಂಬದಿಂದ ಜಾರುತ್ತಿತ್ತು. ಪೈಪಿನ ಮೇಲೆ ಅವರ ಭಾರವಷ್ಟೇ ಅಲ್ಲ, ನಮ್ಮ ಎಳೆತವೂ ಬಿದ್ದಿತ್ತು.

"ಜಗ್ಗಬ್ಯಾಡ್ರಿ, ಪೈಪ ಜಗ್ಗೈತಿ. ಮೆಲ್ಲಕ ಇಳಿಸ್ರಿ," ಎಂದೆ.

ಬಾವನ ಹೆಂಡತಿ ಹೆದರಿ ಕೈ ಬಿಡುವುದರಲ್ಲಿದ್ದಳು, ಗದರಿದೆ. ಇಂಚಿಂಚಾಗಿ ಹಗ್ಗ ಸಡಿಲಿಸಿ ಅವರನ್ನು ನೀರಿನ ಮೇಲಿನ ಕಲ್ಲುಕಟ್ಟೆಗೆ ಇಳಿಸಿದೆವು. ಭಾರ ಇಳಿದೊಡನೆ ಹಗ್ಗ ಮೊದಲಿನಂತೆ ಗಿಡ್ಡವಾಯಿತು. ಪೈಪು ನೆಟ್ಟಗಾಗಲಿಲ್ಲ. ಕಬ್ಬಿಣ ಒಂದು ಮಿತಿಯವರೆಗೆ ಮಾತ್ರ ಮರಳುತ್ತದೆ, ದಾಟಿದರೆ ಬಾಗಿದ್ದು ಬಾಗಿದ್ದೇ. ಬಾವ ಹೋಗಿ ದಪ್ಪ ಜಾಲಿ ತೊಲೆ ಹೊತ್ತು ತಂದು ಅಡ್ಡ ಹಾಕಿ, ಗಾಲಿಯನ್ನು ಅದಕ್ಕೆ ಕಟ್ಟಿದರು.

ಈ ಸಲ ತೊಲೆಯನ್ನೇ ನೋಡುತ್ತ ಎಳೆದೆವು. ಗಂಡನ ತಲೆ ಕಂಡಿತು, ಭುಜ ಕಂಡಿತು, ದಂಡೆಗೆ ಕಾಲಿಟ್ಟರು. ಬಾವ ಮತ್ತು ಅವರ ಹೆಂಡತಿ ಹಗ್ಗ ಬಿಟ್ಟು ನೆಲಕ್ಕೆ ಕುಸಿದು ಕೂತರು. ನನ್ನ ಕೈ ಮಾತ್ರ ಬಿಚ್ಚಲಿಲ್ಲ. ಗಂಡ ಎದುರಿಗೇ ನಿಂತಿದ್ದರೂ ನಾನು ಹಗ್ಗ ಬಿಗಿಹಿಡಿದೇ ಇದ್ದೆ. ಅವರು ಹತ್ತಿರ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು.

"ಬಂದೀನಿ, ಇನ್ನ ಬಿಡು," ಎಂದರು.